ಟೌನ್‌ಹಾಲ್ ಮುಂದೆ ನಿಂತಿದ್ದಕ್ಕೆ ಕೇಸ್: ಹೈಕೋರ್ಟಿಗೆ ಹೋದವರು ಅನುಭವ ಹೇಳಿ

ಪ್ರಶ್ನೆ: ಬೆಂಗಳೂರಿನ ಟೌನ್‌ಹಾಲ್ ಮುಂದೆ ಬೋರ್ಡ್ ಹಿಡಿದು ನಿಂತಿದ್ದಕ್ಕೆ ಎತ್ತಿಕೊಂಡು ಹೋಗಿ ಎಫ್‌ಐಆರ್ ಹಾಕಿದ್ದಾರೆ. ಫ್ರೀಡಂ ಪಾರ್ಕ್ ಬಿಟ್ಟು ಎಲ್ಲೂ ಪ್ರತಿಭಟನೆ ಮಾಡಬಾರದು ಅನ್ನುವ 2021ರ ಆದೇಶ ತೋರಿಸಿದರು. ಎಫ್‌ಐಆರ್ ಕ್ವಾಷ್ (ರದ್ದು) ಮಾಡಿಸಿದರೆ ಸಾಕಾ, ಆ ಆದೇಶವನ್ನೇ ಪ್ರಶ್ನಿಸಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಲಾ?

ಚಾಮರಾಜಪೇಟೆಯವನು: ನನ್ನದು 2019ರ ಡಿಸೆಂಬರ್ 19, ಇದೇ ಟೌನ್‌ಹಾಲ್. ಸಿಎಎ ವಿರುದ್ಧ ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದೊಯ್ದದ್ದನ್ನು ಊರೆಲ್ಲ ಟಿವಿಯಲ್ಲಿ ನೋಡಿತು. ನಮ್ಮನ್ನು ಬಸ್ಸಿಗೆ ತುಂಬಿದ್ದನ್ನು ಯಾರು ಕೇಳಿದರು? ಆಗಿದ್ದದ್ದು ಮೂರು ದಿನದ 144, ಅಂದರೆ ಗುಂಪು ಸೇರಬಾರದು ಅನ್ನುವ ನಿಷೇಧಾಜ್ಞೆ. ಅದರ ಅವಧಿ ಮುಗಿದ ಮೇಲೂ ಹೈಕೋರ್ಟ್ ಕೈಬಿಡಲಿಲ್ಲ. 2020ರ ಫೆಬ್ರುವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಓಕಾ ಅವರ ಪೀಠ ಆ ಆದೇಶವೇ ಕಾನೂನುಬಾಹಿರ ಎಂದಿತು. ಡಿಸಿಪಿಗಳ ವರದಿ ಇಟ್ಟುಕೊಂಡು ಕಮಿಷನರ್ ಸಹಿ ಹಾಕಿದ್ದರು, ತಮ್ಮ ಕಾರಣ ಬರೆದಿರಲಿಲ್ಲ. ರಿಟ್ ಹಾಕಿ, ಹೆದರಬೇಡಿ.

ರಾಜಾಜಿನಗರ ಅಕ್ಕ: ಹೇಳುವುದು ಸುಲಭ. ನಾನು ಕ್ವಾಷ್‌ಗೆ ಹಾಕಿದ್ದು. ವಕೀಲರ ಫೀಸು 35,000. ಟೈಪಿಂಗ್, ಜೆರಾಕ್ಸ್ 2,800. ಕೆಳಗಿನ ಕೋರ್ಟಿನ ಸರ್ಟಿಫೈಡ್ ಕಾಪಿಗೆ ಓಡಾಡಿದ ಆಟೋ ಖರ್ಚು ಬೇರೆ. ಸರ್ಕಾರಿ ವಕೀಲರು ಸುಮ್ನೆ ಟೈಮ್ ಕೇಳುತ್ತಾ ಹೋದರು. ಅಷ್ಟರಲ್ಲಿ ಪಾಸ್‌ಪೋರ್ಟ್ ವೆರಿಫಿಕೇಷನ್ ನಿಂತು ಹೋಯಿತು, ಮಗಳ ಬಾಣಂತನಕ್ಕೆ ಹೋಗಲಾಗಲಿಲ್ಲ. ಕೊನೆಗೆ ಗೆದ್ದಿದ್ದು ಒಂದೇ ಪಾಯಿಂಟಿನಲ್ಲಿ: ಐಪಿಸಿ 188ಕ್ಕೆ (ಸರ್ಕಾರಿ ಅಧಿಕಾರಿಯ ಆದೇಶ ಮೀರಿದ ಕೇಸು) ಅಧಿಕಾರಿಯೇ ಕೋರ್ಟಿಗೆ ಲಿಖಿತ ದೂರು ಕೊಡಬೇಕು, ಬರೀ ಪೊಲೀಸ್ ಚಾರ್ಜ್‌ಶೀಟ್ ಸಾಲದು. ಈಗ ಐಪಿಸಿ ಬದಲು ಬಂದ ಬಿಎನ್‌ಎಸ್‌ನಲ್ಲಿ ಅದೇ ಸೆಕ್ಷನ್ 223.

ಪೀಣ್ಯ ಕಾರ್ಮಿಕ: ನಾನು ತಪ್ಪೊಪ್ಪಿಕೊಂಡು 700 ರೂಪಾಯಿ ದಂಡ ಕಟ್ಟಿ ಬಂದೆ. ಶಿಫ್ಟ್ ಬಿಟ್ಟರೆ ಸಂಬಳ ಇಲ್ಲ. ಅದನ್ನು ಹೇಡಿತನ ಅನ್ನುವವರು ನನ್ನ ಮನೆ ಬಾಡಿಗೆ ಕಟ್ಟಲಿ.

ಚಾಮರಾಜಪೇಟೆಯವನು: ಹೇಡಿ ಅಂತ ಯಾರೂ ಅಂದಿಲ್ಲ. ಆದರೆ ಎಲ್ಲರೂ ದಂಡ ಕಟ್ಟಿದರೆ ಆ ಫ್ರೀಡಂ ಪಾರ್ಕ್ ಆದೇಶ ಹಾಗೇ ಉಳಿಯುತ್ತದೆ.

ರಾಜಾಜಿನಗರ ಅಕ್ಕ: ನಿಮ್ಮನ್ನು ಸಂಜೆ ಬಿಟ್ಟು ಕಳಿಸಿದರು, ಕೇಸೇ ಇರಲಿಲ್ಲ. ಅರ್ಜಿ ಹಾಕಿದ್ದೂ ಬೇರೆಯವರು. ಅವನಿಗೆ ಪಾಠ ಹೇಳಬೇಡಿ.

ಎಸ್‌ಪಿ ರಸ್ತೆ ಅಂಗಡಿ: ಟೌನ್‌ಹಾಲ್ ಸರ್ಕಲ್ ಬಂದ್ ಆದ ದಿನ ನನಗೆ ವ್ಯಾಪಾರವೇ ಇಲ್ಲ. ಲೋಡ್ ತಂದ ಟೆಂಪೋದವನು ವೇಟಿಂಗ್ ಅಂತ 600 ಜಾಸ್ತಿ ಕೇಳಿದ. ಫ್ರೀಡಂ ಪಾರ್ಕಿನಲ್ಲಿ ಕೂರಲು ಏನು ಕಷ್ಟ?

ಪೀಣ್ಯ ಕಾರ್ಮಿಕ: ಅದು ಹಳೇ ಸೆಂಟ್ರಲ್ ಜೈಲು ಸಾರ್. ಗೋಡೆ ಒಳಗೆ ಕೂಗಿದರೆ ಯಾರಿಗೆ ಕೇಳಿಸುತ್ತೆ? ಗಣೇಶನ ಮೆರವಣಿಗೆಗೆ ನಿಮ್ಮ ರಸ್ತೆ ನಿಂತಾಗ ಟೆಂಪೋ ಲೆಕ್ಕ ಹೇಳಿದ್ರಾ?

ಎಸ್‌ಪಿ ರಸ್ತೆ ಅಂಗಡಿ: ದೇವರ ವಿಷಯ ತರಬೇಡ.

ರಾಜಾಜಿನಗರ ಅಕ್ಕ: ಕೇಳಿದವರಿಗೆ ಒಂದು ಮಾತು: ಮೊದಲು ಎಫ್‌ಐಆರ್ ಕಾಪಿ ತೆಗೆದುಕೊಳ್ಳಿ. ಯಾವ ಸೆಕ್ಷನ್ ಅಂತ ನೋಡದೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.