ಅಪ್‌ಡೇಟ್: ಶೇಂಗಾ ಚಟ್ನಿ ಪುಡಿ ವ್ಯಾಪಾರ, ಆರು ತಿಂಗಳ ನಂತರ

ಮನೆಯಲ್ಲೇ ಶೇಂಗಾ ಚಟ್ನಿ ಪುಡಿ ಮಾಡಿ ಮಾರಬೇಕು, ಮೊದಲೇ ಅಂಗಡಿ ಹಿಡಿಯಬೇಕಾ ಅಂತ ಕೇಳಿದ್ದೆ. ಬೇಡ ಅಂದವರಿಗೆಲ್ಲ ತುಂಬಾ ಧನ್ಯವಾದ. ಧಾರವಾಡದ ನಮ್ಮ ಅಡುಗೆಮನೆಯಿಂದಲೇ ಶುರು ಮಾಡಿದೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಕಟ್ಟಿದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರಿ ನೋಂದಣಿ) ಪೂರ್ತಿ ಉಚಿತ, ಅದಕ್ಕೆ ದುಡ್ಡು ಕೇಳುವವರನ್ನು ನಂಬಬೇಡಿ.

ತಪ್ಪಾಗಿದ್ದು ಬೆಲೆಯಲ್ಲಿ. ಶೇಂಗಾ, ಖಾರದ ಪುಡಿ, ಬೆಳ್ಳುಳ್ಳಿ ಖರ್ಚು ಬರೆದಿದ್ದೆ. ಗ್ಯಾಸು, ಪ್ಯಾಕೆಟ್, ನನ್ನ ದುಡಿಮೆ ಲೆಕ್ಕಕ್ಕೇ ಸೇರಿಸಿರಲಿಲ್ಲ. ಎರಡು ತಿಂಗಳು ಸುಮ್ನೆ ದುಡಿದ ಹಾಗಾಯಿತು. ಆಮೇಲೆ ಕಾಲು ಕಿಲೋಗೆ 30 ರೂಪಾಯಿ ಜಾಸ್ತಿ ಮಾಡಿದೆ. ಬಿಟ್ಟುಹೋದ ಗಿರಾಕಿಗಳು ಇಬ್ಬರೇ!

ಇನ್ನೊಂದು ಮಾತು. ಹುರಿದ ಶೇಂಗಾ ಪೂರ್ತಿ ಆರದೆ ಕುಟ್ಟಿ ಪ್ಯಾಕ್ ಮಾಡಬೇಡಿ. ನನ್ನದು ಐದು ಕಿಲೋ ಹಾಳಾಯಿತು. ಮುಂದಿನ ವಾರದಿಂದ ಅತ್ತೆಯವರೂ ಜೊತೆಗಿರುತ್ತಾರೆ, ಅಗಸಿ ಚಟ್ನಿಯೂ ಶುರು.