ಹಳೇಮನೆ ಬಳಗದಲ್ಲಿ ಕಳೆದ ಆಗಸ್ಟಿನ ದರಪಟ್ಟಿ

ಸುಮಾ (ಕೊಲಂಬಸ್): ಫೋನಿನಲ್ಲಿ ತುಂಬಿದ್ದ ಹಳೆಯ ಚಿತ್ರಗಳನ್ನು ಅಳಿಸುತ್ತಿದ್ದಾಗ, 2025ರ ಆಗಸ್ಟಿನಲ್ಲಿ ರಘು ಇದೇ ಗುಂಪಿಗೆ ಹೆಮ್ಮೆಯಿಂದ ಹಾಕಿದ್ದ ಅಮೆರಿಕದ ಕಾಲೇಜು ಫುಟ್ಬಾಲಿನಲ್ಲಿ ಯಾರು ಚಾಂಪಿಯನ್ ಆಗುತ್ತಾರೆಂಬ ಬೆಟ್ಟಿಂಗ್ ದರಪಟ್ಟಿ ಸಿಕ್ಕಿತು. ಮೇಲೆ ರಘುವಿನ ಟೆಕ್ಸಾಸ್, ಒಂದಕ್ಕೆ ಸುಮಾರು ಐದು, ಎಂದರೆ ಒಂದು ಡಾಲರ್ ಕಟ್ಟಿ ಗೆದ್ದರೆ ಐದು ಲಾಭ. ಬಹಳ ಕೆಳಗೆ ಇಂಡಿಯಾನಾ, ಒಂದಕ್ಕೆ ನೂರು. ಈ ಜನವರಿ 19ರಂದು ಮಯಾಮಿಯನ್ನು 27–21ರಿಂದ ಸೋಲಿಸಿ, ಆಡಿದ ಹದಿನಾರನ್ನೂ ಗೆದ್ದು ಚಾಂಪಿಯನ್ ಆದದ್ದು ಆ ನೂರರ ತಂಡವೇ.

ಸರೋಜತ್ತೆ (ಮೈಸೂರು): ಒಂದಕ್ಕೆ ನೂರು ಇದ್ದಾಗ ನಿಮ್ಮಲ್ಲಿ ಯಾರೂ ಹತ್ತು ಡಾಲರ್ ಕಟ್ಟಲಿಲ್ಲವೇ?

ದೊಡ್ಡಪ್ಪ (ಆನ್ ಆರ್ಬರ್): ಸರೋಜಾ, ಮಿಷಿಗನ್ನಿನಲ್ಲಿ ಅದಕ್ಕೆ ಕಾನೂನಿನ ಅನುಮತಿಯಿದೆ, ನಿನ್ನ ಅತ್ತಿಗೆಯ ಅನುಮತಿಯಿಲ್ಲ.

ರಘು (ಆಸ್ಟಿನ್): ಸುಮಕ್ಕಾ, ದರಪಟ್ಟಿ ಜಾತಕವಲ್ಲ. ಒಂದಕ್ಕೆ ಐದು ಎಂದರೆ ಆರರಲ್ಲಿ ಒಂದು ಪಾಲು ಗೆಲ್ಲುವ ಅವಕಾಶ. ಉಳಿದ ಐದು ಪಾಲು ಟೆಕ್ಸಾಸ್ ಗೆಲ್ಲುವುದಿಲ್ಲವೆಂದು ಆ ಪಟ್ಟಿಯೇ ಹೇಳುತ್ತಿತ್ತು. ಎಲ್ಲ ತಂಡಗಳ ಅವಕಾಶಗಳನ್ನು ಕೂಡಿಸಿದರೆ ಮೊತ್ತ ಶೇಕಡಾ ನೂರನ್ನು ದಾಟುತ್ತದೆ, ಆ ಹೆಚ್ಚುವರಿಯೇ ಬಾಜಿ ನಡೆಸುವವನ ಲಾಭ. ನನ್ನ ತಕರಾರಿರುವುದು ವೇಳಾಪಟ್ಟಿಯ ಮೇಲೆ. ಆಗಸ್ಟ್ 30ರಂದು ನಿಮ್ಮೂರಿಗೇ ಬಂದು, ಹಿಂದಿನ ವರ್ಷದ ಚಾಂಪಿಯನ್ ಒಹಾಯೊ ಸ್ಟೇಟ್ ಎದುರು 14–7ರಿಂದ ಸೋತೆವು. ಆ ದಿನ ಯಾವುದಾದರೂ ಸಣ್ಣ ತಂಡವನ್ನು ಮನೆಗೆ ಕರೆಸಿಕೊಂಡಿದ್ದರೆ ಒಂಬತ್ತರ ಬದಲು ಹತ್ತು ಗೆಲುವಾಗಿ, ಚಾಂಪಿಯನ್ನನ್ನು ನಿರ್ಧರಿಸುವ ಹನ್ನೆರಡು ತಂಡಗಳ ಪ್ಲೇಆಫ್‌ನಲ್ಲಿ ನಮಗೂ ಜಾಗವಿರುತ್ತಿತ್ತು. ಇಂಡಿಯಾನಾ ತನ್ನ ಕಾನ್ಫರೆನ್ಸಿನ (ತಂಡಗಳ ಒಕ್ಕೂಟದ) ಹೊರಗೆ ಆಡಿದ್ದು ಓಲ್ಡ್ ಡೊಮಿನಿಯನ್, ಕೆನೆಸಾ ಸ್ಟೇಟ್, ಇಂಡಿಯಾನಾ ಸ್ಟೇಟ್ ಜೊತೆಗೆ, ಮೂರೂ ತವರಿನಲ್ಲಿ. ಜಾಣತನಕ್ಕೆ ಕಪ್, ಧೈರ್ಯಕ್ಕೆ ಶಿಕ್ಷೆ!

ದೊಡ್ಡಪ್ಪ: ನಿಮ್ಮನ್ನು ಹೊರಗಿಟ್ಟದ್ದು ಕೊಲಂಬಸ್ ಅಲ್ಲಪ್ಪ, ಫ್ಲಾರಿಡಾ. ಇಡೀ ವರ್ಷದಲ್ಲಿ ನಾಲ್ಕೇ ಪಂದ್ಯ ಗೆದ್ದ ತಂಡಕ್ಕೆ 29–21ರಿಂದ ಸೋತು, ಜಾರ್ಜಿಯಾದಲ್ಲಿ 35–10ರ ಪೆಟ್ಟು ತಿಂದು, ಈಗ ಮೊದಲ ದಿನದ ಮರ್ಯಾದೆಯ ಸೋಲಿನ ಮೇಲೆ ಗೂಬೆ ಕೂರಿಸುತ್ತಿದ್ದೀಯ. ಇಂಡಿಯಾನಾ ಹೊರಗಿನ ಮೂರನ್ನು ಸುಲಭ ಮಾಡಿಕೊಂಡದ್ದು ನನಗೂ ಇಷ್ಟವಿಲ್ಲ, ಆದರೆ ಅವರ ಕಾನ್ಫರೆನ್ಸಾದ ಬಿಗ್ ಟೆನ್‌ನಲ್ಲಿ ತಮ್ಮೊಳಗೇ ಒಂಬತ್ತು ಪಂದ್ಯಗಳು ಕಡ್ಡಾಯ. ಯೂಜೀನ್‌ಗೆ ಹೋಗಿ ಓರೆಗಾನನ್ನೂ, ಇಂಡಿಯಾನಾಪೊಲಿಸ್‌ನಲ್ಲಿ ಸುಮಾಳ ತಂಡವನ್ನೂ ಅವರು ಸೋಲಿಸಿದರು. ನಿಮ್ಮ ಕಾನ್ಫರೆನ್ಸ್ ಎಸ್‌ಇಸಿ ಎಂಟರಲ್ಲೇ ಕೂತಿತ್ತು, ಒಂಬತ್ತಕ್ಕೆ ಬರುವುದು ಈ 2026ರಿಂದ.

ಸುಮಾ: ಧೈರ್ಯಕ್ಕೆ ಫಲವಿಲ್ಲ ಎನ್ನುವುದೂ ಸರಿಯಲ್ಲ. ಮಯಾಮಿ ಮತ್ತು ನೋಟರ್ ಡೇಮ್ ಎರಡೂ ಹತ್ತು ಗೆದ್ದು ಎರಡು ಸೋತಿದ್ದವು. ಮೊದಲ ವಾರದಲ್ಲಿ ಅವುಗಳ ನಡುವೆಯೇ ನಡೆದಿದ್ದ, ಮಯಾಮಿ 27–24ರಿಂದ ಗೆದ್ದಿದ್ದ ಪಂದ್ಯವೇ ಕೊನೆಗೆ ಒಬ್ಬರನ್ನು ಒಳಗೆ ಬಿಟ್ಟು ಇನ್ನೊಬ್ಬರನ್ನು ಹೊರಗಿಟ್ಟಿತು.

ರಘು: ಗೆದ್ದವರಿಗೆ ಫಲ ಸಿಗುತ್ತದೆ, ಒಪ್ಪಿದೆ, ಆದರೆ ಸೋಲುವ ಭಯಕ್ಕೆ ಪಂದ್ಯಗಳೇ ಮಾಯವಾಗುತ್ತಿವೆ. 1926ರಿಂದ ನಡೆದುಬಂದ ನೋಟರ್ ಡೇಮ್–ಯುಎಸ್‌ಸಿ ಜಿದ್ದು ಈ ವರ್ಷದ ಪಟ್ಟಿಯಲ್ಲಿಲ್ಲ. ಕಾನ್ಫರೆನ್ಸ್ ಬದಲಾವಣೆಯಿಂದಾಗಿ ನಾವೂ ನಮ್ಮ ಹಳೆಯ ಎದುರಾಳಿ ಟೆಕ್ಸಾಸ್ ಎ ಆ್ಯಂಡ್ ಎಂ ಜೊತೆ 2011ರ ನಂತರ 2024ರವರೆಗೆ ಆಡಲೇ ಇಲ್ಲ.

ದೊಡ್ಡಪ್ಪ: ಈಗ ನೀನು ಸರಿಯಾದ ಮಾತಿಗೆ ಬಂದೆ. 2024ರ ನವೆಂಬರ್ 30ರಂದು ನಮ್ಮ ಮಿಷಿಗನ್ ಕೊಲಂಬಸ್‌ಗೆ ಹೋದಾಗ, ಸುಮಾರು ಇಪ್ಪತ್ತು ಅಂಕಗಳಿಂದ ಸೋಲುತ್ತೇವೆಂದು ಬಾಜಿಯವರು ಬರೆದಿದ್ದರು. ನಾವು 13–10ರಿಂದ ಗೆದ್ದೆವು. ಹಿಂದಿನ ಕಾಲವಾಗಿದ್ದರೆ ಎರಡನೆಯ ಸೋಲು ಕಂಡ ಒಹಾಯೊ ಸ್ಟೇಟಿನ ವರ್ಷ ಅಲ್ಲಿಗೇ ಮುಗಿಯುತ್ತಿತ್ತು. ಹನ್ನೆರಡು ತಂಡಗಳ ಪ್ಲೇಆಫ್ ಬಂದದ್ದರಿಂದ ಅವರು ಏಳು ವಾರಗಳ ನಂತರ ಚಾಂಪಿಯನ್ನೇ ಆದರು. ಸುಮಾ, ನಿಜ ಹೇಳು, ಕಪ್ ಬಂದ ಮೇಲೆ ಆ ಸೋಲು ಮರೆತುಹೋಯಿತೇ?

ಸುಮಾ: ಇಲ್ಲ ದೊಡ್ಡಪ್ಪ. ಸತತ ನಾಲ್ಕನೆಯ ಸೋಲು ಅದು. ಕಳೆದ ನವೆಂಬರಿನಲ್ಲಿ ನಿಮ್ಮೂರಿನಲ್ಲೇ 27–9ರಿಂದ ಗೆದ್ದ ಮೇಲೆಯೇ ನಾನು ನಿಮಗೆ ಫೋನ್ ಮಾಡಿದ್ದು.

ದೊಡ್ಡಪ್ಪ: ಮಾಡಿದ್ದು ಒಂದು ಸಲವಲ್ಲ, ಮೂರು ಸಲ. ರಘು, ಎ ಆ್ಯಂಡ್ ಎಂ ಹನ್ನೊಂದಕ್ಕೆ ಹನ್ನೊಂದು ಗೆದ್ದು ಆಸ್ಟಿನ್ನಿಗೆ ಬಂದಾಗ ನೀವು 27–17ರಿಂದ ಅವರನ್ನು ಕೆಡವಿದಿರಿ. ಆ ಸಂಜೆಯನ್ನು ಬಿಟ್ಟುಕೊಟ್ಟರೆ ಪ್ಲೇಆಫ್‌ನಲ್ಲಿ ಜಾಗ ಕೊಡುತ್ತೇವೆಂದರೆ ಒಪ್ಪುತ್ತೀಯಾ?

ರಘು: ಈ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ, ದೊಡ್ಡಪ್ಪ.

ಸರೋಜತ್ತೆ: ಉತ್ತರ ಸಿಕ್ಕಿತು.

ರಘು: ಸುಮಕ್ಕಾ, ಸೆಪ್ಟೆಂಬರ್ 12ರಂದು ನಿಮ್ಮ ತಂಡ ಮರುಪಂದ್ಯಕ್ಕೆ ಆಸ್ಟಿನ್ನಿಗೆ ಬರುತ್ತದೆ. ನಮ್ಮ ಮನೆಯಲ್ಲೇ ಉಳಿದುಕೊಳ್ಳಿ, ಆದರೆ ಆ ಕೆಂಪು ಅಂಗಿಯನ್ನು ಪೆಟ್ಟಿಗೆಯೊಳಗೇ ಇಟ್ಟುಕೊಳ್ಳಿ.