ವಾಲ್ವ್ ಆಪರೇಷನ್ ಆಗಿ ಒಂಬತ್ತು ವಾರ, ಈಗ ಹೊಸ ಹೊಸ ತೊಂದರೆ. ಅನುಭವ ಇದ್ದವರು ಹೇಳಿ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಹತ್ತಿರ. ಅತ್ತೆಗೆ 56 ವರ್ಷ. ಮಂಗಳೂರಿನಲ್ಲಿ ಹೃದಯದ ಮೈಟ್ರಲ್ ವಾಲ್ವ್ ಬದಲಾಯಿಸಿ ಒಂಬತ್ತು ವಾರ ಆಯಿತು. ಹಾಕಿದ್ದು ಲೋಹದ ವಾಲ್ವ್. ಮೊದಲ ತಿಂಗಳು ಚೆನ್ನಾಗಿದ್ದರು. ಈಗ ಒಂದೊಂದೇ ಶುರುವಾಗಿದೆ. ರಾತ್ರಿ ಎದೆಯೊಳಗೆ ಟಿಕ್ ಟಿಕ್ ಸದ್ದು, ನಿದ್ದೆ ಇಲ್ಲ. ಎಡಗೈಯ ಕಿರುಬೆರಳು ಜೋಮು. ಸುಮ್ನೆ ಕೂತಲ್ಲೇ ಅಳುತ್ತಾರೆ. ಹತ್ತು ದಿನದಿಂದ ಸಂಜೆ ಹೊತ್ತಿಗೆ 100 ಡಿಗ್ರಿ ಒಳಗಿನ ಸಣ್ಣ ಜ್ವರ, ಉಸಿರು ಜೋರಾಗಿ ಎಳೆದರೆ ಎದೆ ಚುಚ್ಚುತ್ತದೆ. ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅನ್ನುವ ಲೆಕ್ಕ) ಒಮ್ಮೆ 1.7, ಮುಂದಿನ ಸಲ 4.6. ಡಾಕ್ಟರು 2.5ರಿಂದ 3.5ರೊಳಗೆ ಇರಬೇಕು ಅಂದಿದ್ದಾರೆ. ಮುಂದಿನ ತಪಾಸಣೆಗೆ ಇನ್ನೂ ಮೂರು ವಾರ ಇದೆ. ನನ್ನ ಗಂಡ ಗಲ್ಫಿನಲ್ಲಿದ್ದಾರೆ, ಮದ್ದು ಕೊಡುವವಳು ನಾನೊಬ್ಬಳೇ. ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಮೃತಬಳ್ಳಿ ಕಷಾಯ ಕೊಡು ಅನ್ನುವವರೂ ಇದ್ದಾರೆ. ಇದರಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಮುಳ್ಳೇರಿಯದಿಂದ:

ತಂಗಿ, ಮೊದಲು ಜ್ವರದ ವಿಷಯ. ಬಾಕಿ ಎಲ್ಲ ಆಮೇಲೆ ಓದಿದರೂ ಆಗುತ್ತದೆ. ಮೂರು ವಾರ ಕಾಯಬೇಡಿ. ನಾಳೆ ಬೆಳಗ್ಗೆಯೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ, "ವಾಲ್ವ್ ಹಾಕಿದ ಪೇಷೆಂಟ್, ಹತ್ತು ದಿನದಿಂದ ಜ್ವರ" ಅಂತ ಇಷ್ಟೇ ಹೇಳಿ. ಕೂಡಲೇ ಬನ್ನಿ ಅನ್ನುತ್ತಾರೆ.

ಎರಡು ಕಾರಣ ಇರಬಹುದು. ಒಂದು, ಆಪರೇಷನ್ ಆದ ಮೇಲೆ ಹೃದಯದ ಹೊರಗಿನ ಪೊರೆಗೆ ಉರಿಯೂತ ಬಂದು ನೀರು ತುಂಬುವುದು. ಉಸಿರು ಎಳೆದಾಗ ಚುಚ್ಚುತ್ತದೆ ಅಂದಿರಲ್ಲ, ನನಗೆ ಇದ್ದದ್ದೂ ಹಾಗೆಯೇ. ಮಲಗಿದರೆ ಜಾಸ್ತಿ, ಎದ್ದು ಮುಂದಕ್ಕೆ ಬಾಗಿ ಕೂತರೆ ಕಡಿಮೆ. ಮದ್ದಿಗೆ ವಾಸಿಯಾಯಿತು. ಇನ್ನೊಂದು, ಹೊಸ ವಾಲ್ವಿಗೆ ಸೋಂಕು ತಗಲುವುದು. ಅದು ನಿಜವಾಗಿ ಅಪಾಯ. ಎರಡರಲ್ಲೂ ಜ್ವರ ಸಣ್ಣಗೇ ಇರಬಹುದು. ಎಕೋ (ಹೃದಯದ ಸ್ಕ್ಯಾನ್) ಮಾಡಿ, ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡಲು ಕಲ್ಚರಿಗೆ ಕಳಿಸಿದರೆ ಮಾತ್ರ ಯಾವುದು ಅಂತ ತಿಳಿಯುತ್ತದೆ. ಮನೆಯಲ್ಲಿ ಕೂತು ಹೇಳಲು ನನಗೂ ಆಗದು, ಕಷಾಯ ಹೇಳಿದವರಿಗೂ ಆಗದು.

ಅಲ್ಲಿವರೆಗೆ ಮೆಡಿಕಲ್ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕೊಡಲೇಬೇಡಿ. ಕಲ್ಚರಿಗೆ ರಕ್ತ ತೆಗೆಯುವ ಮೊದಲೇ ನಾಲ್ಕು ಗುಳಿಗೆ ಹೊಟ್ಟೆಗೆ ಹೋದರೆ ರೋಗಾಣು ಯಾವುದು ಅಂತ ಸಿಗದೇ ಹೋಗಬಹುದು.

ಇನ್ನು ಟಿಕ್ ಟಿಕ್. ನನಗೆ 2009ರಲ್ಲಿ ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಯಲ್ಲಿ ಆಪರೇಷನ್ ಆದದ್ದು. ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಹೋಗಿದ್ದೆವು. ಒಳಗಿರುವುದು ಅಲ್ಲೇ ಕಂಡುಹಿಡಿದ ಚಿತ್ರಾ ವಾಲ್ವ್. ಮೊದಲ ಸಲ ಒಬ್ಬರಿಗೆ ಹಾಕಿದ್ದು 1990ರ ಡಿಸೆಂಬರಿನಲ್ಲಿ. ಒಂದು ಸಣ್ಣ ಬಿಲ್ಲೆ ಬಾಗಿಲಿನ ಹಾಗೆ ತೆರೆದು ಮುಚ್ಚುತ್ತದೆ. ಮುಚ್ಚುವಾಗ ಬರುವುದೇ ಆ ಸದ್ದು. ಎಡ ಮಗ್ಗುಲಲ್ಲಿ ಮಲಗಿದರೆ ಜಾಸ್ತಿ ಕೇಳುತ್ತದೆ. ಬಲಕ್ಕೆ ತಿರುಗಿಸಿ, ಫ್ಯಾನ್ ಹಾಕಿ, ತಿಂಗಳು ಕಳೆದರೆ ಕಿವಿಗೆ ಅಭ್ಯಾಸ ಆಗುತ್ತದೆ. ಆದರೆ ಒಂದು ನೆನಪಿಡಿ. ಸ್ಪಷ್ಟವಾಗಿ ಕೇಳುತ್ತಿದ್ದ ಸದ್ದು ಒಂದು ದಿನ ಮಂದ ಆದರೆ, ಜೊತೆಗೆ ದಮ್ಮು ಕಟ್ಟಿದರೆ, ಅದು ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಆವಾಗ ಗಂಜಿ ಉಂಡು ಹೊರಡುವ ಅಂತ ಕೂರಬೇಡಿ.

ಐಎನ್‌ಆರ್ ಯಾಕೆ ಕುಣಿಯುತ್ತದೆ? ನನಗೆ ಇದು ಅರ್ಥ ಆದದ್ದು ತೋಟದಲ್ಲಿ. ಇಲಿಗೆ ಇಡುವ ಬ್ರೋಮಾಡಿಯೋಲೋನ್ ಕೇಕ್ ಇದೆಯಲ್ಲ, ಅದೂ ರಕ್ತ ತೆಳು ಮಾಡಲು ನಾವು ನುಂಗುವ ಅಸಿಟ್ರೋಮ್, ವಾರ್ಫರಿನ್ ಗುಳಿಗೆಗಳೂ ಒಂದೇ ಕುಟುಂಬ. ವಾರ್ಫರಿನ್ ಮೊದಲು ಪೇಟೆಗೆ ಬಂದದ್ದೇ ಇಲಿ ಪಾಷಾಣವಾಗಿ. ತಪ್ಪಿ ಈ ಜಾತಿಯ ಇಲಿ ಪಾಷಾಣ ತಿಂದವರಿಗೆ ಆಸ್ಪತ್ರೆಯಲ್ಲಿ ಕೊಡುವ ಮದ್ದು ವಿಟಮಿನ್ ಕೆ. ಅದೇ ವಿಟಮಿನ್ ಕೆ ನಮ್ಮ ಬಸಳೆ, ನುಗ್ಗೆಸೊಪ್ಪು, ಹರಿವೆಯಲ್ಲಿ ಬೇಕಾದಷ್ಟು ಇದೆ. ಒಂದು ವಾರ ದಿನಾ ಬಸಳೆ ತಿಂದರೆ ಐಎನ್‌ಆರ್ ಇಳಿಯುತ್ತದೆ. ಹೆದರಿ ಸೊಪ್ಪು ಪೂರ್ತಿ ಬಿಟ್ಟರೆ ಏರುತ್ತದೆ. ನಿಮ್ಮಲ್ಲಿ 1.7 ಆಗಿ ಮತ್ತೆ 4.6 ಆದದ್ದರ ನಡುವೆ ಅತ್ತೆಯವರು ಸೊಪ್ಪು ಬಿಟ್ಟರಾ? ಡೋಸ್ ಏರಿಸಿದರಾ? ಜ್ವರ ಬಂದು ಊಟ ಕಡಿಮೆ ಆಯಿತಾ? ಮೂರೂ ಆಗಿರಬಹುದು. ಸೊಪ್ಪು ಬಿಡಬೇಕಾಗಿಲ್ಲ. ವಾರಕ್ಕೆ ಇಷ್ಟೇ ಅಂತ ಒಂದು ಲೆಕ್ಕ ಇಟ್ಟುಕೊಂಡರೆ ಸಾಕು.

ನನ್ನ ದಡ್ಡತನವನ್ನೂ ಹೇಳುತ್ತೇನೆ. ಆಪರೇಷನ್ ಆದ ವರ್ಷವೇ ಹೊಟ್ಟೆ ಕೆಟ್ಟಿತು. ಯಾರನ್ನೂ ಕೇಳದೆ ಮೆಟ್ರೊನಿಡಜೋಲ್ ತಂದು ನುಂಗಿದೆ. ಐದನೇ ದಿನ ಬೆಳಗ್ಗೆ ಹಲ್ಲುಜ್ಜಿ ಉಗುಳಿದರೆ ಬೇಸಿನ್ ಇಡೀ ಕೆಂಪು. ತೊಡೆಯಲ್ಲಿ ಬದನೆಕಾಯಿ ಬಣ್ಣದ ಕಲೆ, ಎಲ್ಲಿ ತಾಗಿತು ಅಂತಲೇ ಗೊತ್ತಿಲ್ಲ. ಐಎನ್‌ಆರ್ 7 ದಾಟಿತ್ತು. ಅಂದಿನಿಂದ ಹೊಸ ಗುಳಿಗೆ ಏನೇ ಬರೆದುಕೊಡಲಿ, "ನಾನು ರಕ್ತ ತೆಳು ಮಾಡುವ ಮದ್ದು ತಗೊಳ್ತೇನೆ" ಅಂತ ಹೇಳಿಯೇ ಕೈ ಚಾಚುವುದು. ಮೈಕೈ ನೋವಿನ ಡೈಕ್ಲೋಫೆನಾಕ್, ಬ್ರುಫೆನ್ ಕೂಡ ಕೇಳದೆ ಕೊಡಬಾರದು. ಮಲ ಕಪ್ಪು ಡಾಂಬರಿನ ಹಾಗೆ ಹೋದರೆ ಸೀದಾ ಆಸ್ಪತ್ರೆಗೆ.

ಬೆರಳಿನ ಜೋಮಿಗೆ ಜಾಸ್ತಿ ತಲೆಬಿಸಿ ಬೇಡ. ಎದೆಮೂಳೆ ಅಗಲಿಸಿ ಹಿಡಿಯುವಾಗ ಹೆಗಲಿನಿಂದ ಕೈಗೆ ಬರುವ ನರ ಎಳೆದು ಹಾಗಾಗುತ್ತದೆ. ನನ್ನದು ಐದು ತಿಂಗಳಲ್ಲಿ ಹೋಯಿತು. ಆದರೆ ಕೈ ಒಮ್ಮೆಲೇ ಬಿದ್ದುಹೋದರೆ, ಬಾಯಿ ಸೊಟ್ಟ ಆದರೆ, ಮಾತು ತೊದಲಿದರೆ ಅದು ಬೇರೆ, ಅದು ಪಕ್ಷವಾತ. ಒಂದು ನಿಮಿಷವೂ ಕಾಯಬಾರದು.

ಅಳುವುದು ನನಗೂ ಇತ್ತು. ಗಾಳಿಗೆ ಒಂದು ಹಳೇ ಕಂಗು (ಅಡಿಕೆ ಮರ) ಬಿತ್ತು ಅಂತ ಹುಡುಗ ಬಂದು ಹೇಳಿದ. ಬೈರಾಸಿನಲ್ಲಿ ಮುಖ ಮುಚ್ಚಿ ಅತ್ತಿದ್ದೇನೆ. ಒಂದು ಕಂಗಿಗೆ! ದೊಡ್ಡ ಹೃದಯದ ಆಪರೇಷನ್ ಆದ ಎಷ್ಟೋ ಮಂದಿಗೆ ಹೀಗಾಗುತ್ತದೆ ಅಂತ ಡಾಕ್ಟರು ಹೇಳಿದ ಮೇಲೆ ನಾಚಿಕೆ ಸ್ವಲ್ಪ ಕಡಿಮೆ ಆಯಿತು. ನಾಲ್ಕೈದು ತಿಂಗಳಲ್ಲಿ ಹೋಯಿತು. ಊಟ ನಿದ್ದೆ ಎರಡೂ ಬಿಟ್ಟರೆ, ಬದುಕು ಬೇಡ ಅಂದರೆ ಡಾಕ್ಟರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ಕುಂಬಳೆಯಿಂದ, ಲ್ಯಾಬಿನಲ್ಲಿ ಕೆಲಸ ಮಾಡುವವಳು:

ಮೇಲಿನ ಅಣ್ಣ ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ. ಐಎನ್‌ಆರ್ ರಕ್ತವನ್ನು ನೀಲಿ ಮುಚ್ಚಳದ ಟ್ಯೂಬಿನಲ್ಲಿ ತೆಗೆಯುತ್ತೇವೆ. ಅದರಲ್ಲಿ ಮೊದಲೇ ಸಿಟ್ರೇಟ್ ದ್ರವ ಇರುತ್ತದೆ, ಒಂದು ಪಾಲಿಗೆ ಒಂಬತ್ತು ಪಾಲು ರಕ್ತ ಬೀಳಬೇಕು. ಗೆರೆವರೆಗೆ ತುಂಬದಿದ್ದರೆ ಐಎನ್‌ಆರ್ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ನರ ಸಿಗದ ವಯಸ್ಸಾದವರಲ್ಲಿ ಹೀಗಾಗುವುದುಂಟು. ಟ್ಯೂಬ್ ತುಂಬಿತಾ ಅಂತ ನೀವೇ ನೋಡಿ, ಕೇಳಿದರೆ ನಾವೇನು ಬೇಜಾರು ಮಾಡುವುದಿಲ್ಲ. ಸಾಧ್ಯ ಇದ್ದಷ್ಟು ಒಂದೇ ಲ್ಯಾಬಿಗೆ ಹೋಗಿ.

ಇನ್ನೊಂದು, ಅಸಿಟ್ರೋಮ್ 1 ಎಂಜಿ, 2 ಎಂಜಿ, 3 ಎಂಜಿ ಅಂತ ಬೇರೆ ಬೇರೆ ಬರುತ್ತದೆ. ಅಂಗಡಿಯಲ್ಲಿ 2 ಇಲ್ಲದಾಗ 1 ಕೊಟ್ಟು "ರಂಡೆಣ್ಣಂ ಕಳಿಚ್ಚಾಲ್ ಮದಿ" ಅನ್ನುತ್ತಾರೆ. ಎರಡು ತಗೊಂಡರೆ ಸಾಕು ಅಂತ. ಮಲಯಾಳ ಬಾರದ ಅಜ್ಜಿ ಹೂಂ ಅಂತ ತಲೆಯಾಡಿಸಿ ಬರುತ್ತಾರೆ, ಮನೆಯಲ್ಲಿ ಒಂದೇ ನುಂಗುತ್ತಾರೆ. ಅಥವಾ ಮುಂದಿನ ಸಲ 2 ಸಿಕ್ಕಾಗ ಅಭ್ಯಾಸಬಲದಿಂದ ಎರಡು. ನಿಮ್ಮ 1.7 ಮತ್ತು 4.6 ನೋಡಿದಾಗ ನನಗೆ ಮೊದಲು ಇದೇ ಹೊಳೆಯಿತು. ಹಳೇ ಸ್ಟ್ರಿಪ್ ಬಿಸಾಡಿಲ್ಲ ಅಲ್ವಾ? ತೆಗೆದು ನೋಡಿ.

ಮಂಜೇಶ್ವರದಿಂದ:

ನಮ್ಮ ಅಪ್ಪನದು ಹಲ್ಲಿನಿಂದ ಶುರುವಾದದ್ದು. ವಾಲ್ವ್ ಹಾಕಿ ಏಳು ತಿಂಗಳಾಗಿತ್ತು. ದವಡೆ ಹಲ್ಲು ನೋವು ಅಂತ ಒಂದು ಕ್ಲಿನಿಕ್ಕಿಗೆ ಹೋಗಿ ಕೀಳಿಸಿ ಬಂದರು. ವಾಲ್ವ್ ಇದೆ ಅಂತ ಅಪ್ಪ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮೂರು ವಾರ ಬಿಟ್ಟು ಜ್ವರ. ವೈರಲ್ ಅಂದುಕೊಂಡು ಐದು ದಿನದ ಆಂಟಿಬಯೋಟಿಕ್ ಕೊಡಿಸಿದೆವು. ಜ್ವರ ಬಿಟ್ಟಿತು, ನಾವು ಖುಷಿಪಟ್ಟೆವು. ಗುಳಿಗೆ ಮುಗಿದು ನಾಲ್ಕನೇ ದಿನ ಮತ್ತೆ ಬಂತು, ಈ ಸಲ ಚಳಿಯೊಡನೆ. ಕಲ್ಚರಿನಲ್ಲಿ ಎರಡು ಸಲ ಏನೂ ಸಿಗಲಿಲ್ಲ. ಕೊನೆಗೆ ಬಾಯಿಯ ಮೂಲಕ ಕೊಳವೆ ಇಳಿಸಿ ಮಾಡುವ ಎಕೋದಲ್ಲಿ ವಾಲ್ವಿನ ಅಂಚಿಗೆ ಅಂಟಿಕೊಂಡದ್ದು ಕಾಣಿಸಿತು. ಆರು ವಾರ ಆಸ್ಪತ್ರೆಯಲ್ಲಿ ನರಕ್ಕೆ ಇಂಜೆಕ್ಷನ್. ಆ ವರ್ಷದ ಅಡಿಕೆ ಕೊಯ್ಲು ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ಗೊತ್ತಾಯಿತು. ಕೃತಕ ವಾಲ್ವ್ ಇರುವವರು ಹಲ್ಲು ಕೀಳಿಸುವ, ವಸಡು ಶುಚಿ ಮಾಡಿಸುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಆಂಟಿಬಯೋಟಿಕಿನ ಒಂದು ಡೋಸ್ ತಗೊಳ್ಳಬೇಕು. ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 2 ಗ್ರಾಂ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ. ಹಲ್ಲು ಕೀಳಿಸುವ ಮುಂಚೆ ಅಸಿಟ್ರೋಮನ್ನು ತಾನಾಗಿ ನಿಲ್ಲಿಸುವುದೂ ತಪ್ಪು, ಹೃದಯದ ಡಾಕ್ಟರನ್ನು ಕೇಳಿಯೇ ಮಾಡಬೇಕು. ಈಗ ಅಪ್ಪನ ಕಿಸೆಯಲ್ಲಿ ವಾಲ್ವಿನ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತದೆ.

ಬದಿಯಡ್ಕದಿಂದ:

ಪಾಪ, ಎಲ್ಲರೂ ಸೇರಿ ಹುಡುಗಿಯನ್ನು ಹೆದರಿಸಬೇಡಿ ಮಾರಾಯ್ರೆ. ನನ್ನ ಅಕ್ಕನಿಗೆ ವಾಲ್ವ್ ಹಾಕಿ ಹದಿಮೂರು ವರ್ಷ. ಮೊನ್ನೆ ಮಗಳ ಮದುವೆಯಲ್ಲಿ ಮೂರು ದಿನ ಓಡಾಡಿದ್ದಾಳೆ. ಅವಳಿಗೆ ಎದೆ ಡಬಡಬ ಹೊಡೆದುಕೊಳ್ಳುವುದು ಇತ್ತು. ನಾಡಿ ತಾಳ ತಪ್ಪುವುದು ಈ ಆಪರೇಷನ್ ಆದವರಲ್ಲಿ ತುಂಬ ಸಾಮಾನ್ಯವಂತೆ, ಇಸಿಜಿ ಮಾಡಿ ಗುಳಿಗೆ ಕೊಟ್ಟರು. ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡುತ್ತಿದ್ದೆವು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಮೈಯಲ್ಲಿ ನೀರು ನಿಂತಿದೆ ಅಂತ ಲೆಕ್ಕ. ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯವನ್ನು ಅವಳು ಬಿಟ್ಟಿದ್ದಾಳೆ. ಕೆಸುವಿನ ಎಲೆಯ ಪತ್ರೊಡೆ ಮಾತ್ರ ಬಿಟ್ಟಿಲ್ಲ, ಎರಡು ತುಂಡು ತಿನ್ನುತ್ತಾಳೆ.

ಮತ್ತೆ, ಗುಳಿಗೆ ಒಂದು ತಿಂಗಳಿನದು ಹೆಚ್ಚಿಗೆ ಇಟ್ಟುಕೊಳ್ಳಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಡಾಕ್ಟರು, ಮಂಗಳೂರಿನ ಮೆಡಿಕಲ್ ಅಂತಲೇ ಇದ್ದ ನಮ್ಮಂಥವರ ಪಾಡು ಯಾರಿಗೂ ಬೇಡ. ಕಾಸರಗೋಡಿನಲ್ಲೂ ಒಬ್ಬ ಡಾಕ್ಟರಿಗೆ ಫೈಲ್ ತೋರಿಸಿ ಪರಿಚಯ ಮಾಡಿಟ್ಟುಕೊಳ್ಳಿ.

ಕೇಳಿದವಳು, ಹನ್ನೆರಡು ದಿನದ ನಂತರ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮರುದಿನವೇ ಮಂಗಳೂರಿಗೆ ಹೋದೆವು. ಎಕೋದಲ್ಲಿ ಹೃದಯದ ಸುತ್ತ ಸ್ವಲ್ಪ ನೀರು ಕಂಡಿತು. ವಾಲ್ವ್ ಚೆನ್ನಾಗಿದೆ. ಮೂರು ಸಲ ರಕ್ತ ತೆಗೆದು ಕಲ್ಚರಿಗೆ ಹಾಕಿದರು, ಐದು ದಿನ ನೋಡಿ ಏನೂ ಬೆಳೆದಿಲ್ಲ ಅಂದರು. ಉರಿಯೂತಕ್ಕೆ ಕೊಲ್ಚಿಸಿನ್ ಕೊಟ್ಟಿದ್ದಾರೆ. ಜ್ವರ ಬಿಟ್ಟು ಆರು ದಿನ ಆಯಿತು.

ಕುಂಬಳೆಯ ಅಕ್ಕ, ನೀವು ಹೇಳಿದ್ದು ಸರಿ. ಡಬ್ಬದಲ್ಲಿ 1ರ ಸ್ಟ್ರಿಪ್ಪೂ 2ರ ಸ್ಟ್ರಿಪ್ಪೂ ಒಟ್ಟಿಗೆ ಇತ್ತು. ಯಾವ ದಿನ ಯಾವುದು ಕೊಟ್ಟೆ ಅಂತ ನನಗೇ ಗೊತ್ತಿಲ್ಲ. ತುಂಬ ಬೇಜಾರಾಯಿತು. ಈಗ 1 ಮಾತ್ರ ಇಟ್ಟುಕೊಂಡು ಎರಡೆರಡು ಕೊಡುತ್ತೇನೆ, ಕೊಟ್ಟ ಕೂಡಲೇ ಕ್ಯಾಲೆಂಡರಿನಲ್ಲಿ ಗೀಟು. ಬಸಳೆ ಬುಧವಾರ ಮತ್ತು ಭಾನುವಾರ, ಒಂದು ಸೌಟು. ಮೊನ್ನೆಯ ಐಎನ್‌ಆರ್ 2.9.

ಅತ್ತೆಗೆ ಮಂದ ಸದ್ದಿನ ವಿಷಯ ಓದಿ ಹೇಳಿದ್ದೇ ತಪ್ಪಾಯಿತೋ ಏನೋ. ನಿನ್ನೆ ರಾತ್ರಿ ಫ್ಯಾನ್ ಆಫ್ ಮಾಡು ಅಂದರು. ಸೆಕೆಯಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. "ಉಂಟು, ಸರಿ ಕೇಳ್ತದೆ" ಅಂದು ಬಲಕ್ಕೆ ತಿರುಗಿ ಮಲಗಿದರು.

ಅವರಿಗೂ ಒಂದು ದವಡೆ ಹಲ್ಲು ಅಲ್ಲಾಡುತ್ತಿದೆ. ಮಂಜೇಶ್ವರದವರೇ, ನಿಮ್ಮ ಅಪ್ಪನಿಗೆ ಆಮೇಲೆ ಹಲ್ಲಿನ ಕೆಲಸ ಏನಾದರೂ ಮಾಡಿಸಿದ್ದೀರಾ? ಆಸ್ಪತ್ರೆಯಲ್ಲೇ ಮಾಡಿಸಿದ್ದಾ, ಹೊರಗಾ?